ಎಣ್ಣೆ ಸೋರುತ್ತಿದ್ದ ಕಾರು

"ಅಜ್ಜಾರ, ಇನ್ನ ಏನನ್ನ ಕಟ್ಟಲಿ?" ಎಂದು ಗುರುಪಾದಪ್ಪ ಕೇಳಿದ.

ಅವನು ಹಿಟ್ಟಿನ ಗಿರಣಿಯವನು. ಮಲ್ಲಯ್ಯಜ್ಜನ ಮಠಕ್ಕೆ ಬಹಳ ವರ್ಷಗಳಿಂದ ಬರುತ್ತಿದ್ದ ಶಿಷ್ಯ. ಮಠವೆಂದರೆ ದೊಡ್ಡದೇನಲ್ಲ. ಒಂದು ಗದ್ದುಗೆ, ಅದರ ಮುಂದೆ ಒಂದು ಪಡಸಾಲೆ. ಅಜ್ಜ ಆ ಪಡಸಾಲೆಯಲ್ಲಿ ಕುಳಿತು ಬಂದವರ ಮಾತು ಕೇಳುತ್ತಿದ್ದರು. ಕಾವಿ ಉಡುವ ಮೊದಲು ಅವರು ಲಾರಿ ಓಡಿಸುತ್ತಿದ್ದರು. ಅದನ್ನು ಅವರು ಯಾರಿಂದಲೂ ಮುಚ್ಚಿಟ್ಟವರಲ್ಲ. ಪುರಾಣ ಕೇಳಲು ಬಂದವರಿಗೆ ಕ್ಲಚ್ಚಿನ ಕತೆ ಹೇಳಿ ಕಳಿಸಿದ್ದೂ ಉಂಟು.

ಗುರುಪಾದಪ್ಪನ ಪ್ರಶ್ನೆಯ ಹಿಂದೆ ಇದ್ದದ್ದು ಇದು. ಅವನಿಗೆ ಮನೆಯಲ್ಲಿ ಸಿಟ್ಟು ಬಹಳ. ಮೊದಲು ಅದು ಬಾಯಿಂದ ಬರುತ್ತಿತ್ತು. ಹೆಂಡತಿಯನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದ. ನಾಚಿಕೆಯಾಗಿ ಮೌನ ಹಿಡಿದ. ಬೈಗುಳ ನಿಂತಿತು, ಉಣ್ಣುವ ತಾಟು ಗೋಡೆಗೆ ಹೋಗತೊಡಗಿತು. ಅದಕ್ಕೆಂದು ಒಂದು ಹೊತ್ತಿನ ಊಟ ಬಿಟ್ಟ. ತಾಟು ಉಳಿಯಿತು, ನಿದ್ದೆ ಹೋಯಿತು. ನಿದ್ದೆಗೆಂದು ಜಪ ಹಿಡಿದ. ಜಪ ನಡೆದಿರುವಾಗಲೇ ಒಂದು ಬೆಳಿಗ್ಗೆ ಮಗಳು ದಾಕ್ಷಾಯಿಣಿ ಮಜ್ಜಿಗೆಯ ಚೆಂಬನ್ನು ಕೈತಪ್ಪಿ ಬೀಳಿಸಿದಳು. ಅವನು ಎದ್ದು ಅವಳನ್ನು ಹೊಡೆದ.

ಅಂದಿನಿಂದ ಅವನ ಚಪ್ಪಲಿಯ ಸದ್ದು ಬಾಗಿಲಲ್ಲಿ ಕೇಳಿದರೆ ಮಗಳು ಒಳಗಿನ ಕೋಣೆಗೆ ಹೋಗುತ್ತಿದ್ದಳು. ಅವನು ಗಿರಣಿಗೆ ಹೋದ ಮೇಲೆ ಉಣ್ಣುತ್ತಿದ್ದಳು. ಇದನ್ನು ಹೇಳುವಾಗ ಗುರುಪಾದಪ್ಪನಿಗೆ ಅಳು ಬಂತು. ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ.

"ಬಾಯಿ ಕಟ್ಟಿದೆ, ಹೊಟ್ಟಿ ಕಟ್ಟಿದೆ, ಈಗ ಕೈಗೆ ಬಂದೈತಿ. ಒಂದು ಕಡೆ ಮುಚ್ಚಿದ್ರ ಇನ್ನೊಂದು ಕಡೆ ಬರತೈತಿ. ಹಿಂಗ ಆದ್ರ ಮಗಳು ನನಗ ಉಳಿಯೂದಿಲ್ಲ. ನೀವ ಒಂದು ವ್ರತ ಹೇಳ್ರಿ," ಎಂದ.

"ವ್ರತ ಭಾಳ ಆಗ್ಯಾವ. ಕುಂದರು, ಒಂದು ಕಾರಿನ ಸುದ್ದಿ ಹೇಳತೀನಿ," ಎಂದರು ಅಜ್ಜ. ಅವರು ಹೇಳಿದ ಕತೆ ಇದು.

ಒಂದು ಊರಿನಲ್ಲಿ ಒಬ್ಬ ವ್ಯಾಪಾರಿ ಇದ್ದ. ಕುಪ್ಪಸದ ಖಣಗಳನ್ನು ಸಂತೆಯಿಂದ ಸಂತೆಗೆ ಒಯ್ದು ಮಾರುತ್ತಿದ್ದ. ಅವನ ಹತ್ತಿರ ಒಂದು ಹಳೆಯ ಕಾರಿತ್ತು. ಹಿಂದಿನ ಸೀಟು ತೆಗೆದು ಖಣದ ಗಂಟುಗಳನ್ನು ಹಾಕುತ್ತಿದ್ದ. ಮುಂದಿನ ಸೀಟು ಮಾತ್ರ ಹಾಗೆಯೇ ಇತ್ತು. ಅದು ಅವನ ಹೆಂಡತಿಯದು. ದೂರದ ಸಂತೆಯಾದರೆ ಅವಳೂ ಬರುತ್ತಿದ್ದಳು. ಹೆಂಗಸರಿಗೆ ಖಣ ಮಾರುವುದು ಗಂಡಸಿನ ಕೆಲಸವಲ್ಲ ಎಂಬುದು ಅವಳ ಅಭಿಪ್ರಾಯ. ಲೆಕ್ಕ ಹಾಕಿ ನೋಡಿದರೆ ಅದು ನಿಜವೂ ಆಗಿತ್ತು.

ಒಮ್ಮೆ ಅವನು ಒಬ್ಬನೇ ಹೋಗಿದ್ದಾಗ ಕಾರು ರಸ್ತೆ ಬಿಟ್ಟು ಹಳ್ಳಕ್ಕೆ ಇಳಿಯಿತು. ಪುಣ್ಯಕ್ಕೆ ಅವನಿಗೆ ಏನೂ ಆಗಲಿಲ್ಲ. ಆದರೆ ಹೆಂಡತಿಯ ಎದೆಯೊಳಗೆ ಭಯ ಹೊಕ್ಕಿತು. ಅವಳು ಒಂದು ಗದ್ದುಗೆಗೆ ಹೋಗಿ ಹರಕೆ ಹೊತ್ತು, ವಿಭೂತಿ ಕಟ್ಟಿದ ಹಳದಿ ಬಟ್ಟೆ ತಂದಳು. ಗಂಡ ಅದನ್ನು ಕನ್ನಡಿಗೆ ಕಟ್ಟು ಎಂದ.

"ಕನ್ನಡಿಯಿಂದ ಗಾಡಿ ಓಡತೈತೇನು?" ಎಂದು ಅವಳು ಬಾನೆಟ್ ಎತ್ತಿಸಿದಳು.

ಎಂಜಿನ್ನಿನ ಮೇಲೆ ಒಂದು ಗಿಡ್ಡ ಕೊಳವೆ ಎದ್ದು ನಿಂತಿತ್ತು. ಅದರ ಬಾಯಿ ತೆರೆದಿತ್ತು. ನಮ್ಮ ಮನೆಗಳಲ್ಲಿ ನೀರಿನ ಕೊಡವನ್ನು ಬಾಯಿ ತೆರೆದು ಇಡುವುದಿಲ್ಲ. ಏನಾದರೂ ಬಿದ್ದೀತು ಎಂಬ ಅಂಜಿಕೆ. ಅವಳು ಹಾಗೆಯೇ ತಿಳಿದು ಆ ಬಾಯಿಗೆ ಬಟ್ಟೆ ಹೊದಿಸಿ ಕೆಳಗೊಂದು ಗಂಟು ಹಾಕಿದಳು. ಇನ್ನು ಕೆಟ್ಟದ್ದು ಒಳಗೆ ಹೋಗುವುದಿಲ್ಲ ಎಂದು ಕೈ ಮುಗಿದಳು. ಗಂಡನಿಗೆ ಸಂತೋಷವಾಯಿತು. ತಾನು ಮನೆಗೆ ಬಂದು ಸೇರಲಿ ಎಂದು ಒಬ್ಬರು ಇಷ್ಟು ಯೋಚಿಸುತ್ತಾರೆ ಎಂದರೆ ಯಾರಿಗೆ ಸಂತೋಷವಾಗುವುದಿಲ್ಲ?

ಪ್ರತಿ ವರ್ಷ ಆಯುಧಪೂಜೆಗೆ ಅವಳು ಹೊಸ ಬಟ್ಟೆ ಕಟ್ಟುತ್ತಿದ್ದಳು. ಹಳೆಯದನ್ನು ಬಿಚ್ಚುತ್ತಿರಲಿಲ್ಲ. ದೇವರ ಹೆಸರಿನಲ್ಲಿ ಕಟ್ಟಿದ್ದನ್ನು ಬಿಚ್ಚಬಾರದು. ಒಂದರ ಮೇಲೊಂದು ಕಟ್ಟುತ್ತ ಹೋದಳು. ಕಾರು ಓಡುತ್ತಿತ್ತು.

ಆಮೇಲೆ ಅವಳು ತೀರಿಕೊಂಡಳು. ಎದೆನೋವು ಎಂದಳು, ಆಸ್ಪತ್ರೆ ಮುಟ್ಟುವ ಮೊದಲೇ ಹೋದಳು. ಅದೇ ಕಾರಿನಲ್ಲಿ, ಅದೇ ಮುಂದಿನ ಸೀಟಿನಲ್ಲಿ.

ಆ ವರ್ಷದ ಆಯುಧಪೂಜೆಗೆ ವ್ಯಾಪಾರಿ ಒಬ್ಬನೇ ಬಾನೆಟ್ ಎತ್ತಿದ. ಅವಳ ಒಂದು ಸೀರೆಯ ಸೆರಗು ಹರಿದು ತಂದಿದ್ದ. ಅವಳು ಕಟ್ಟಿದ ಬಟ್ಟೆಗಳ ಮೇಲೆ ಅದನ್ನು ಸುತ್ತಿದ. ಮತ್ತೆ ಸುತ್ತಿದ. ಎರಡೂ ಕೈಯಿಂದ ಎಳೆದು ಬಿಗಿದ. ಎಂದಿಗೂ ಬಿಚ್ಚಬಾರದು ಎಂದು ಕಟ್ಟಿದ ಗಂಟು ಅದು.

ಸ್ವಲ್ಪ ದಿನದಲ್ಲಿ ಕಾರಿನ ಕೆಳಗೆ ನೆಲ ಕಪ್ಪಾಯಿತು. ಎಣ್ಣೆ ಸೋರುತ್ತಿತ್ತು. ಆಕೆ ಹೋದ ಮೇಲೆ ಕಾರಿಗೂ ಮನಸ್ಸಿಲ್ಲ ಎಂದು ಓಣಿಯ ಜನ ಅಂದರು. ಜನಕ್ಕೆ ಇಂಥ ಮಾತು ಬೇಗ ಸಿಗುತ್ತದೆ. ವ್ಯಾಪಾರಿ ಗಾಡಿ ರಿಪೇರಿಯ ಮೇಸ್ತ್ರಿಯ ಹತ್ತಿರ ಹೋದ.

ಮೇಸ್ತ್ರಿ ಕೆಲಸ ಬಲ್ಲವನು, ದೈವಭಕ್ತ. ಬಾನೆಟ್ ಎತ್ತಿದಾಗಲೆಲ್ಲ ಮೊದಲು ಆ ಬಟ್ಟೆಯನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದ. ಆಮೇಲೆ ಅದಕ್ಕೆ ಕೈ ತಾಗದಂತೆ ಕೆಲಸ ಮಾಡುತ್ತಿದ್ದ. ಅವನು ಕಾರಿನ ಕೆಳಗೆ ಮಲಗಿ ನೋಡಿದ. ಎಣ್ಣೆಯ ತೊಟ್ಟಿಯ ಅಂಚಿನಿಂದ ಹನಿ ಬೀಳುತ್ತಿತ್ತು. ತೊಟ್ಟಿ ಬಿಚ್ಚಿ ಪ್ಯಾಕಿಂಗ್ ಬದಲಿಸಿದ. ಹನಿ ನಿಂತಿತು. ವ್ಯಾಪಾರಿ ನಾಲ್ಕು ಸಂತೆ ಮಾಡಿದ. ಮತ್ತೆ ನೆಲ ಕಪ್ಪಾಯಿತು. ಈ ಸಲ ಮೇಲಿನ ಮುಚ್ಚಳದಿಂದ. ಅದನ್ನೂ ಬದಲಿಸಿದ. ಆಮೇಲೆ ಎಣ್ಣೆ ಹೊರಬಾರದಂತೆ ತಡೆಯುವ ಮುಂದಿನ ಸೀಲು. ಅದಾದ ಮೇಲೆ ಹಿಂದಿನ ಸೀಲು. ಅದಕ್ಕೆ ಗೇರ್‌ಬಾಕ್ಸನ್ನೇ ಇಳಿಸಬೇಕಾಯಿತು. ಹೊಸ ಸೀಲು ಹಾಕಿದಲ್ಲಿ ಎಣ್ಣೆ ನಿಲ್ಲುತ್ತಿತ್ತು, ಇನ್ನೊಂದು ಕಡೆ ದಾರಿ ಹುಡುಕುತ್ತಿತ್ತು.

ವ್ಯಾಪಾರಿ ಎಣ್ಣೆಯ ಡಬ್ಬಿ ಇಟ್ಟುಕೊಂಡು ತಿರುಗಿದ. ದಾರಿಯಲ್ಲಿ ನಿಲ್ಲಿಸಿ ಸುರಿಯುವುದು, ಮುಂದೆ ಹೋಗುವುದು. ಅವನು ಕಾರು ನಿಲ್ಲಿಸಿದ ಜಾಗದಲ್ಲಿ ಬೇರೆ ವ್ಯಾಪಾರಿಗಳು ಅಂಗಡಿ ಹಾಕುತ್ತಿರಲಿಲ್ಲ; ಖಣಕ್ಕೆ ಒಮ್ಮೆ ಎಣ್ಣೆ ಹತ್ತಿದರೆ ಅದು ನೆಲ ಒರೆಸಲು ಮಾತ್ರ. ಒಂದು ದಿನ ಎಣ್ಣೆ ತೀರುತ್ತಿದೆ ಎಂದು ಹೇಳುವ ಕೆಂಪು ದೀಪ ಹತ್ತಿದ್ದು ಅವನ ಕಣ್ಣಿಗೆ ಬೀಳಲಿಲ್ಲ. ಎಂಜಿನ್ ಕಟಕಟ ಎಂದ ಮೇಲೆ ನಿಲ್ಲಿಸಿದ. ಎಳೆಸಿಕೊಂಡು ಮೇಸ್ತ್ರಿಯ ಹತ್ತಿರ ತಂದ.

"ಇನ್ನೊಮ್ಮೆ ಹಿಂಗ ಆದ್ರ ಎಂಜಿನ್ ಹಿಡಕೊಂಡ ಬಿಡತೈತ್ರಿ," ಎಂದ ಮೇಸ್ತ್ರಿ. "ಆಮ್ಯಾಲ ಗುಜರಿಯವನಿಗೆ ಕೊಡೂದ."

ವ್ಯಾಪಾರಿ ಮುಂದಿನ ಸೀಟಿನ ಕಡೆ ನೋಡಿದ. ಅವನ ಮುಖ ನೋಡಿ ಮೇಸ್ತ್ರಿಗೆ ಕೆಡುಕೆನಿಸಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ ಇಷ್ಟು ದಿನ ಏನೋ ಮಾಡಿದ್ದೇನೆ, ರೋಗ ಮಾತ್ರ ಸಿಕ್ಕಿಲ್ಲ ಎಂದು ಅವನಿಗೆ ಅನ್ನಿಸಿತು. ಕಾರನ್ನು ಬಿಟ್ಟು ಹೋಗಲು ಹೇಳಿದ.

ಹನಿ ಬೀಳುವ ಜಾಗ ಬೇರೆ, ಎಣ್ಣೆ ಹೊರಡುವ ಜಾಗ ಬೇರೆ. ಎಣ್ಣೆ ಮೇಲಿಂದ ಇಳಿದು, ಗಾಳಿಗೆ ಹಿಂದಕ್ಕೆ ಸರಿದು, ಎಲ್ಲಿಯೋ ಒಂದು ಅಂಚಿನಲ್ಲಿ ಹನಿಯುತ್ತದೆ. ಹನಿಯನ್ನು ನೋಡಿ ಔಷಧ ಕೊಟ್ಟರೆ ಹೀಗೆಯೇ. ಮೇಸ್ತ್ರಿಗೆ ಇದು ಗೊತ್ತಿಲ್ಲದ್ದಲ್ಲ. ಕೆಲಸದ ಗಡಿಬಿಡಿಯಲ್ಲಿ ಬಿಟ್ಟುಹೋಗಿತ್ತು. ಈಗ ಅವನು ಸೀಮೆಎಣ್ಣೆಯಿಂದ ಎಂಜಿನ್ ತೊಳೆದ. ಒರೆಸಿ ಒಣಗಿಸಿದ. ತನ್ನ ಹೆಂಡತಿಯ ಪೌಡರ್ ಡಬ್ಬಿ ತರಿಸಿ ಮದುಮಗಳಿಗೆ ಹಚ್ಚಿದಂತೆ ಎಲ್ಲ ಕಡೆ ಉದುರಿಸಿದ. ಎಂಜಿನ್ ಚಾಲೂ ಮಾಡಿ, ಕೈ ಕಟ್ಟಿ ನಿಂತು ನೋಡಿದ.

ಬಿಳಿ ಪೌಡರಿನಲ್ಲಿ ಮೊದಲು ಮೇಲೆ ಒಂದು ಕಪ್ಪು ಗೆರೆ ಇಳಿಯಿತು. ಮುಂದೆ ಒಂದು. ಪಕ್ಕದಲ್ಲಿ ಒಂದು. ಒಂದು ಕಡೆಯಿಂದ ಬಂದರೆ ಸೀಲು ಕೆಟ್ಟಿದೆ ಎನ್ನಬಹುದು. ಹೊಸದು, ಹಳೆಯದು ಎನ್ನದೆ ಎಲ್ಲ ಕಡೆಯಿಂದ ಬಂದರೆ? ಮೇಸ್ತ್ರಿ ಎಣ್ಣೆ ಸುರಿಯುವ ಮುಚ್ಚಳವನ್ನು ತಿರುವಿದ. ಅದು ಬುಸ್ಸೆಂದು ಕೈಯಿಂದ ಹಾರಿತು. ಬಿಸಿ ಗಾಳಿ ಮುಖಕ್ಕೆ ಬಡಿಯಿತು. ಆ ಬಾಯಿ ತೆರೆದಿರುವಷ್ಟು ಹೊತ್ತು ಗೆರೆಗಳು ಬೆಳೆಯಲಿಲ್ಲ.

ಎಂಜಿನ್ನಿಗೂ ಉಸಿರು ಬೇಕು. ಒಳಗೆ ಉರಿದದ್ದರಲ್ಲಿ ಒಂದಿಷ್ಟು ಗಾಳಿ ಕೆಳಗೆ ಎಣ್ಣೆಯ ಕಡೆ ನುಸುಳುತ್ತದೆ. ಹಳೆಯ ಎಂಜಿನ್ನಿನಲ್ಲಿ ಇನ್ನೂ ಹೆಚ್ಚು. ಅದು ಹೊರಗೆ ಹೋಗಲಿ ಎಂದೇ ಮೇಲೆ ಒಂದು ಕೊಳವೆ ಇಟ್ಟಿರುತ್ತಾರೆ. ಅದರ ಬಾಯಿ ಮುಚ್ಚಿದರೆ ಗಾಳಿ ಒಳಗೇ ಉಬ್ಬುತ್ತದೆ, ಮತ್ತು ಎಲ್ಲಿ ಮೆತ್ತಗೆ ಸಿಕ್ಕಿತೋ ಅಲ್ಲಿಂದ ಎಣ್ಣೆಯನ್ನು ದೂಡುತ್ತದೆ. ಮೇಸ್ತ್ರಿ ಆ ಕೊಳವೆಯನ್ನು ಹುಡುಕಿದ. ಇಷ್ಟು ದಿನ ತಾನು ಕಣ್ಣಿಗೆ ಒತ್ತಿಕೊಂಡ ಬಟ್ಟೆಯ ಕೆಳಗೆ ಅದು ಇತ್ತು.

ಅವನು ಅದನ್ನು ಬಿಚ್ಚಲಿಲ್ಲ. ವ್ಯಾಪಾರಿಯನ್ನು ಕರೆಸಿ ತೋರಿಸಿದ.

"ಸಾವ್ಕಾರ್ರ, ನಾನೂ ಕುರುಡ ಆಗಿದ್ದೆ. ಇದನ್ನ ಬಿಚ್ಚಬೇಕ್ರಿ."

"ಅದೊಂದು ಬಿಟ್ಟು ಬ್ಯಾರೆ ಏನರ ಬಿಚ್ಚು."

"ಬ್ಯಾರೆ ಎಲ್ಲಾ ಬಿಚ್ಚಿ ಆಗೇತ್ರಿ," ಎಂದ ಮೇಸ್ತ್ರಿ.

ವ್ಯಾಪಾರಿಗೆ ಸಿಟ್ಟು ಬಂತು. ನನ್ನನ್ನು ಇಷ್ಟು ವರ್ಷ ಕಾಯ್ದದ್ದು ಇದೇ, ಕಟ್ಟಿದವಳು ಇಂದು ಇಲ್ಲ, ನಿನ್ನ ಕೈಲಾಗದ್ದಕ್ಕೆ ಅವಳ ಮೇಲೆ ತಪ್ಪು ಹೊರಿಸುತ್ತೀಯಾ ಎಂದು ಕೂಗಾಡಿದ. ಮೇಸ್ತ್ರಿ ವಾದಕ್ಕೆ ಇಳಿಯಲಿಲ್ಲ. ಎಣ್ಣೆ ತುಂಬಿ, ಮುಚ್ಚಳ ಹಾಕಿ, ಬೀಗದ ಕೈ ಕೊಟ್ಟ. ವ್ಯಾಪಾರಿ ಗಂಟನ್ನು ಹಾಗೆಯೇ ಇಟ್ಟುಕೊಂಡು ಕಾರು ಒಯ್ದ.

ಮರುದಿನ ಅವನು ಸಂತೆಗೆ ಹೊರಟ. ಕರಿಮಣ್ಣಿನ ಸೀಮೆ; ಮರವಿಲ್ಲ, ಮನೆಯಿಲ್ಲ. ಅರ್ಧ ದಾರಿಯೂ ಆಗಿರಲಿಲ್ಲ, ಕೆಂಪು ದೀಪ ಹತ್ತಿತು. ಈ ಸಲ ಅವನು ನೋಡಿದ. ನಿಲ್ಲಿಸಿ ಡಬ್ಬಿಯಲ್ಲಿ ಇದ್ದ ಎಣ್ಣೆಯನ್ನೆಲ್ಲ ಸುರಿದ. ಇಷ್ಟು ದೂರಕ್ಕೇ ಎಂಜಿನ್ನಿನ ಎಣ್ಣೆ ಹೋಗಿತ್ತು. ಡಬ್ಬಿಯದು ಅದಕ್ಕಿಂತ ಕಡಿಮೆ; ಮುಂದೆ ಸಂತೆಗೂ ಸಾಲದು, ಹಿಂದೆ ಮನೆಗೂ ಸಾಲದು. ಖಾಲಿ ಡಬ್ಬಿ ಹಿಡಿದುಕೊಂಡು ಬಾನೆಟ್ಟಿನ ಮುಂದೆ ನಿಂತ.

ಅವಳು ಇದನ್ನು ಏಕೆ ಕಟ್ಟಿದಳು ಎಂದು ಅವನು ಆಗ ಮೊದಲ ಬಾರಿಗೆ ಯೋಚಿಸಿದ. ಬಟ್ಟೆಯ ಮೇಲಿನ ಆಸೆಗೆ ಕಟ್ಟಿದವಳಲ್ಲ. ಗಂಡ ಮನೆಗೆ ಬಂದು ಸೇರಲಿ ಎಂದು ಕಟ್ಟಿದಳು. ಈಗ ಆ ಗಂಟನ್ನು ಉಳಿಸಿಕೊಂಡರೆ ಮನೆಗೆ ಸೇರುವಂತಿಲ್ಲ. ಸೇರಬೇಕಾದರೆ ಗಂಟನ್ನು ಉಳಿಸುವಂತಿಲ್ಲ. ಎರಡರಲ್ಲಿ ಅವಳು ಯಾವುದನ್ನು ಕೇಳುತ್ತಿದ್ದಳು? ಇದಕ್ಕೆ ಬಹಳ ಯೋಚನೆ ಬೇಕಿರಲಿಲ್ಲ. ಆದರೂ ಅವನಿಗೆ ಬಹಳ ಹೊತ್ತು ಹಿಡಿಯಿತು.

ಕೊನೆಗೆ ಕೈ ಹಾಕಿದ. ಮೇಲಿನ ಗಂಟು ಕಲ್ಲಾಗಿತ್ತು. ಎಣ್ಣೆ ಕುಡಿದು, ಬಿಸಿಗೆ ಒಣಗಿ, ಉಗುರು ಇಳಿಯಲು ಜಾಗವಿರಲಿಲ್ಲ. ಸ್ಕ್ರೂಡ್ರೈವರ್ ತಂದು ಮೀಟಿದ. ಬೆರಳು ಕಿತ್ತು ರಕ್ತ ಬಂತು. ಆ ಸೆರಗು ಬರುವಷ್ಟರಲ್ಲಿ ಬೆವರಿ ಹೋದ. ಅದರ ಕೆಳಗೆ ಅವಳು ಕಟ್ಟಿದ ಬಟ್ಟೆಗಳಿದ್ದವು. ಇನ್ನು ಇಷ್ಟನ್ನು ಬಿಚ್ಚುವುದು ಹೇಗೆ ಎಂದುಕೊಂಡು ಒಂದರ ತುದಿ ಹಿಡಿದ. ಅದು ಸುಮ್ಮನೆ ಕೈಗೆ ಬಂತು. ಮುಂದಿನದೂ ಬಂತು. ಒಂದನ್ನೂ ಅವಳು ಬಿಗಿದಿರಲಿಲ್ಲ. ಬೀಳದಿರಲಿ ಎನ್ನುವಷ್ಟೇ ಕಟ್ಟಿದ್ದಳು. ಸಡಿಲು ಬಟ್ಟೆಯ ಸಂದಿನಲ್ಲಿ ಎಂಜಿನ್ ಹೇಗೋ ಉಸಿರಾಡಿಕೊಂಡು ಇಷ್ಟು ವರ್ಷ ಓಡಿತ್ತು.

ವ್ಯಾಪಾರಿ ರಸ್ತೆಯ ಪಕ್ಕದಲ್ಲಿ ಕುಳಿತು ಅತ್ತ. ಹೆಂಡತಿ ಸತ್ತ ದಿನ ಹತ್ತು ಜನರ ಮುಂದೆ ಅಳಲಾಗದವನು ಅಲ್ಲಿ ಒಬ್ಬನೇ ಚೆನ್ನಾಗಿ ಅತ್ತ.

ಆಮೇಲೆ ಎದ್ದು ಕಾರು ಚಾಲೂ ಮಾಡಿದ. ಕೊಳವೆಯ ಬಾಯಿಂದ ತೆಳ್ಳಗೆ ಹೊಗೆ ಬಂತು. ಸಂತೆಗೆ ಹೋಗಿ ವ್ಯಾಪಾರ ಮಾಡಿ ಸಂಜೆಗೆ ಮನೆಗೆ ಬಂದ. ಆ ವಾರವೇ ಮೇಸ್ತ್ರಿಯ ಹತ್ತಿರ ಹೋಗಿ ಕೂಗಾಡಿದ್ದಕ್ಕೆ ಕೈ ಮುಗಿದ. ಮೇಸ್ತ್ರಿ ಪೂರ್ತಿ ಹಾಳಾಗಿದ್ದ ಒಂದೇ ಒಂದು ಸೀಲು ಬದಲಿಸಿದ. ಉಳಿದವು ತಾವಾಗಿ ಒಣಗಿದವು. ಬಟ್ಟೆಗಳನ್ನು ಒಗೆದು ವ್ಯಾಪಾರಿ ದೇವರ ಗೂಡಿನಲ್ಲಿ ಇಟ್ಟ.

ಅಜ್ಜ ಇಲ್ಲಿಗೆ ಕತೆ ನಿಲ್ಲಿಸಿ ನೀರು ಕುಡಿದರು.

ಗುರುಪಾದಪ್ಪ ತಲೆ ತಗ್ಗಿಸಿಕೊಂಡು ಕುಳಿತಿದ್ದ. ಕತೆ ತನಗೆ ಎಲ್ಲಿ ತಾಗಿತು ಎಂಬುದು ಅವನಿಗೆ ಗೊತ್ತಾಗಿತ್ತು. ಗೊತ್ತಾದದ್ದಕ್ಕೇ ಅವನು ಜಗಳಕ್ಕೆ ಬಂದವನಂತೆ ಮಾತಾಡಿದ.

"ಅದು ಬಟ್ಟಿ ಅಜ್ಜಾರ, ಬಿಚ್ಚಿದ. ನಂದು ಮಾತು. ಅವ್ವ ಸಾಯೂ ಮುಂದ ನನ್ನ ಕೈ ಹಿಡಕೊಂಡು, ಅಣ್ಣಗ ಎದುರಾಡಬ್ಯಾಡ ಅಂತ ಮಾತು ತಗೊಂಡಾಳ. ಗಿರಣಿ ನಮ್ಮಿಬ್ಬರದೂ ಐತಿ. ಬೀಸಾಕ ಬಂದ ಮಂದಿ ಮುಂದ ಅಂವ ನನ್ನ ದಿನಾ ಕೈಲಾಗದವ ಅಂತಾನ, ನಾಯಿಗೆ ಅಂದಂಗ ಹಚಾ ಅಂತಾನ. ಒಂದು ದಿನಾನೂ ನಾ ಬಾಯಿ ತಗದಿಲ್ಲ. ಇಂಥಾದ್ದು ಮಾಡಬ್ಯಾಡ ಅಂತ ಮೆಲ್ಲಗ ಸೈತ ಅಂದಿಲ್ಲ. ಎಲ್ಲಾ ನುಂಗಿಕೊಂಡು ಮನಿಗೆ ಹೋಗತೀನಿ. ಸತ್ತ ತಾಯಿ ಮಾತು ನಾ ಹೆಂಗ ಮುರೀಲಿ?"

ಅಜ್ಜ ಅವನ ಮುಖವನ್ನೇ ನೋಡಿದರು.

"ಅಣ್ಣಗ ಎದುರಾಡಬ್ಯಾಡ ಅಂದಳು ನಿಮ್ಮವ್ವ. ಮೆಲ್ಲಗ ಸೈತ ಅನಬ್ಯಾಡ ಅಂದಳೇನು? ಮಗಳನ್ನ ಹೊಡಿ ಅಂದಳೇನು?"